ಶ್ರೀರಾಮಪುರದ ತೋಟಗಾರ

ಬೀಜವನ್ನು ಬಿತ್ತಿದವನಿಗೆ ಎರಡು ಸಂಗತಿಗಳು ಬೇಗನೆ ತಿಳಿದುಬರುತ್ತವೆ. ನೆಲವನ್ನು ಅಗೆಯುವುದು, ಗೊಬ್ಬರ ಹಾಕುವುದು, ನೀರೆರೆಯುವುದು, ಕಳೆ ಕೀಳುವುದು ಇವೆಲ್ಲವೂ ಅವನ ಕೈಯಲ್ಲಿವೆ. ಮೊಳಕೆಯನ್ನು ಬರಿಸುವುದು ಮಾತ್ರ ಅವನ ಕೈಯಲ್ಲಿಲ್ಲ. ಆದುದರಿಂದಲೇ ಒಳ್ಳೆಯ ತೋಟಗಾರನಲ್ಲಿ ದುಡಿಮೆ, ತಾಳ್ಮೆ ಇವೆರಡೂ ಕೂಡಿಕೊಂಡಿರುತ್ತವೆ. ಕ್ರೈಸ್ತರ ಧರ್ಮಗ್ರಂಥದಲ್ಲಿ ಈ ಭಾವನೆಯು ಹಲವು ಕಡೆ ಕಾಣಿಸಿಕೊಳ್ಳುತ್ತದೆ. ಯೇಸುಸ್ವಾಮಿಯು ಜನರಿಗೆ ಹೇಳಿದ ಸಾಮ್ಯಗಳಲ್ಲಿ ಹೊಲದಲ್ಲಿ ಬಿತ್ತುವವನಿದ್ದಾನೆ, ಸಾಸಿವೆಯ ಕಾಳಿದೆ, ಫಲ ಕೊಡದ ಅಂಜೂರದ ಮರಕ್ಕೆ ಇನ್ನೊಂದು ವರ್ಷದ ಅವಕಾಶ ಬೇಡುವ ತೋಟಗಾರನಿದ್ದಾನೆ. ಆ ಗ್ರಂಥವನ್ನು ಓದುವವರು ಅನೇಕರು. ಅದರಲ್ಲಿನ ಪಾಠವನ್ನು ಗುದ್ದಲಿ ಹಿಡಿದು ಕಲಿತವರು ಕೆಲವರು. ಅಂಥವರಲ್ಲಿ ಒಬ್ಬರಾದ ವಿಲಿಯಂ ಕೇರಿಯವರ ಜೀವನವನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳಲು ಬಯಸುತ್ತೇವೆ. ಮತಪ್ರಚಾರಕರೆಂದೂ ಭಾಷಾಪಂಡಿತರೆಂದೂ ಅವರನ್ನು ಬಲ್ಲವರು ಬಹಳ ಮಂದಿ. ತೋಟಗಾರರಾಗಿ ಅವರನ್ನು ಕಂಡರೆ ಉಳಿದ ಎರಡು ಮುಖಗಳೂ ಹೆಚ್ಚು ಸ್ಪಷ್ಟವಾಗುತ್ತವೆ ಎಂಬುದು ನಮ್ಮ ಭಾವನೆ.

ಕೇರಿಯವರು 1761ನೆಯ ಇಸವಿಯ ಆಗಸ್ಟ್ 17ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಮೊದಲು ನೇಕಾರರು, ಅನಂತರ ಅದೇ ಹಳ್ಳಿಯ ಶಾಲೆಯ ಉಪಾಧ್ಯಾಯರು. ಮನೆಯಲ್ಲಿ ಸಿರಿತನವಿರಲಿಲ್ಲ. ಆದರೆ ಹುಡುಗನಿಗೆ ಪೀಟರ್ ಎಂಬ ಚಿಕ್ಕಪ್ಪನಿದ್ದನು. ಅವನು ಕೆನಡಾ ದೇಶದಲ್ಲಿದ್ದು ಊರಿಗೆ ಮರಳಿ ಬಂದು ತೋಟದ ಕೆಲಸ ಮಾಡಿಕೊಂಡಿದ್ದವನು. ದೂರದೇಶದ ಕಥೆಗಳನ್ನೂ ಗಿಡಮರಗಳ ಮೇಲಣ ಪ್ರೀತಿಯನ್ನೂ ಹುಡುಗನು ಅವನಿಂದಲೇ ಪಡೆದನು. ಶಾಲೆಯ ಹಿತ್ತಲಿನ ಮೂಲೆಗಳೆಲ್ಲ ಅವನ ಸಸಿಗಳಿಂದ ತುಂಬಿದವು. ಮಲಗುವ ಕೋಣೆ ಹುಳುಹುಪ್ಪಟೆಗಳ ಸಂಗ್ರಹಾಲಯವಾಯಿತು. ಒಮ್ಮೆ ಹಕ್ಕಿಯ ಗೂಡನ್ನು ನೋಡಲು ಮರವನ್ನು ಹತ್ತಿ ಬಿದ್ದು ಕಾಲು ಮುರಿದುಕೊಂಡನಂತೆ. ಕಾಲು ಕೂಡಿದ ಬಳಿಕ ಅವನು ಮೊದಲು ಮಾಡಿದ ಕೆಲಸವೆಂದರೆ ಅದೇ ಮರವನ್ನು ಮತ್ತೆ ಹತ್ತಿದ್ದು ಎಂದು ಹೇಳುತ್ತಾರೆ. ಮುಂದಿನ ಜೀವನವೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ.

ಹುಡುಗನಿಗೆ ಹೊಲದಲ್ಲಿ ದುಡಿಯಬೇಕೆಂಬ ಆಸೆಯಿತ್ತು. ಆದರೆ ಬಿಸಿಲು ತಾಕಿದರೆ ಬಾಧಿಸುವ ಚರ್ಮದ ರೋಗವೊಂದು ಅವನನ್ನು ಹೊಲದಿಂದ ಹೊರಗಟ್ಟಿತು. ಪಿಡಿಂಗ್ಟನ್ ಎಂಬ ಹಳ್ಳಿಯಲ್ಲಿ ಜೋಡು ಹೊಲಿಯುವವನ ಬಳಿ ಕೆಲಸ ಕಲಿಯಲು ಅವನು ಸೇರಿಕೊಂಡನು. ಬಿಸಿಲನ್ನು ತಾಳಲಾರದೆ ಹೊಲವನ್ನು ಬಿಟ್ಟ ಈ ಹುಡುಗನೇ ಮುಂದೆ ನಲವತ್ತು ವರ್ಷಗಳಿಗೂ ಮಿಕ್ಕಿ ಬಂಗಾಳದ ಬಿಸಿಲಿನಲ್ಲಿ ಬಾಳಿದ್ದು ವಿಧಿಯ ವಿಚಿತ್ರವೆನ್ನಬೇಕು.

ಚರ್ಮ ಹೊಲಿಯುತ್ತಲೇ ಕೇರಿಯವರು ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತರು. 1781ರಲ್ಲಿ ಡೊರೊಥಿ ಎಂಬಾಕೆಯನ್ನು ಮದುವೆಯಾದರು. 1783ರಲ್ಲಿ ಬ್ಯಾಪ್ಟಿಸ್ಟ್ ಪಂಥದ ದೀಕ್ಷಾಸ್ನಾನವನ್ನು ಪಡೆದು, ಮುಂದೆ ಮೌಲ್ಟನ್ ಎಂಬ ಹಳ್ಳಿಯಲ್ಲಿಯೂ ಅನಂತರ ಲೆಸ್ಟರ್ ನಗರದಲ್ಲಿಯೂ ಬೋಧಕರಾದರು. ಕೆಲಸದ ಮನೆಯ ಗೋಡೆಯ ಮೇಲೆ ಲೋಕದ ಭೂಪಟವೊಂದನ್ನು ತಾವೇ ಬರೆದು ತೂಗುಹಾಕಿ, ಯಾವ ದೇಶದಲ್ಲಿ ಎಷ್ಟು ಜನರಿದ್ದಾರೆ, ಅವರ ಧರ್ಮವಾವುದು ಎಂದು ಗುರುತು ಮಾಡಿಕೊಂಡಿದ್ದರು. 1792ರಲ್ಲಿ ಅವರು ಬರೆದ ಚಿಕ್ಕ ಪುಸ್ತಕವೊಂದು, ದೂರದೇಶಗಳಿಗೆ ಸುವಾರ್ತೆಯನ್ನು ಕೊಂಡೊಯ್ಯುವುದು ಕ್ರೈಸ್ತರ ಕರ್ತವ್ಯವೆಂದು ವಾದಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕೆಟರಿಂಗ್ ಎಂಬ ಊರಿನಲ್ಲಿ ಕೆಲವರು ಸೇರಿ ಒಂದು ಸಂಘವನ್ನು ಕಟ್ಟಿದರು. ಮರುವರ್ಷ ಕೇರಿಯವರು ಹೆಂಡತಿ ಮಕ್ಕಳೊಡನೆ ಡೇನಿಷ್ ಹಡಗೊಂದನ್ನೇರಿ 1793ರ ನವೆಂಬರಿನಲ್ಲಿ ಕಲಕತ್ತೆಗೆ ಬಂದಿಳಿದರು. ಅವರು ಮತ್ತೆಂದೂ ಸ್ವದೇಶವನ್ನು ಕಾಣಲಿಲ್ಲ.

ಮೊದಲ ವರ್ಷಗಳು ಕಷ್ಟದ ವರ್ಷಗಳು. ತಂದಿದ್ದ ಹಣ ಮುಗಿಯಿತು. ಕಾಡು ಕಡಿದು ಹೊಲ ಮಾಡಿಕೊಂಡು ಬದುಕೋಣವೆಂದು ಸುಂದರಬನದ ಅಂಚಿಗೆ ಹೋದರು. ಬಳಿಕ ಉತ್ತರ ಬಂಗಾಳದ ಮದನಾಬತಿ ಎಂಬಲ್ಲಿ ನೀಲಿಯ ಕಾರ್ಖಾನೆಯೊಂದರ ಮೇಲ್ವಿಚಾರಕರಾದರು. ಅಲ್ಲಿ 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡನು. ಮೊದಲಿನಿಂದಲೂ ಈ ಪ್ರಯಾಣಕ್ಕೆ ಮನಸ್ಸಿಲ್ಲದಿದ್ದ ಡೊರೊಥಿಯವರು ಆ ದುಃಖದಿಂದ ಚೇತರಿಸಿಕೊಳ್ಳಲಿಲ್ಲ. ಅವರ ಬುದ್ಧಿ ಕದಡಿಹೋಯಿತು. ಇಂಥ ದಿನಗಳಲ್ಲಿಯೂ ಕೇರಿಯವರು ಇಂಗ್ಲೆಂಡಿಗೆ ಬರೆದ ಪತ್ರಗಳಲ್ಲಿ ಕೇಳಿಕೊಂಡಿದ್ದೇನು? ಕುಡುಗೋಲು, ನೇಗಿಲಿನ ಗಾಲಿ, ಪ್ರತಿವರ್ಷವೂ ಒಂದಿಷ್ಟು ಹೂವಿನ, ತರಕಾರಿಯ, ಹಣ್ಣಿನ ಬೀಜ! ಈ ನೆಲದ ಬಡವರಿಗೆ ಅವುಗಳಿಂದ ಉಪಕಾರವಾದೀತು ಎಂಬುದು ಅವರ ಆಶಯವಾಗಿತ್ತು.

ಅವರು ಬಿತ್ತಲು ಬಂದಿದ್ದ ಇನ್ನೊಂದು ಬೀಜವೂ ಇತ್ತು. ಹಳ್ಳಿಹಳ್ಳಿಗೆ ಹೋಗಿ ಬಂಗಾಳಿಯಲ್ಲಿ ಉಪದೇಶ ಮಾಡಿದರು. ಕೇಳಿದವರು ಬಹುಮಂದಿ, ಒಪ್ಪಿದವರು ಒಬ್ಬರೂ ಇಲ್ಲ. ಹೀಗೆ ಏಳು ವರ್ಷಗಳು ಕಳೆದವು. 1800ನೆಯ ಇಸವಿಯ ಡಿಸೆಂಬರ್ 28ರಂದು ಕೃಷ್ಣಪಾಲನೆಂಬ ಬಡಗಿಯು ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನವನ್ನು ಪಡೆದನು. ಏಳು ವರ್ಷದ ಬೇಸಾಯಕ್ಕೆ ಬಂದ ಮೊದಲ ಮೊಳಕೆ ಅದು. ಮತಾಂತರದ ವಿಷಯದಲ್ಲಿ ಓದುಗರ ಅಭಿಪ್ರಾಯಗಳು ಬೇರೆ ಬೇರೆಯಾಗಿರಬಹುದು. ಏಳು ವರ್ಷ ಬರಿಯ ನೆಲಕ್ಕೆ ನೀರೆರೆದ ತಾಳ್ಮೆಯನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಇಷ್ಟರಲ್ಲಿ ಕೇರಿಯವರು ಶ್ರೀರಾಮಪುರಕ್ಕೆ ಬಂದು ನೆಲಸಿದ್ದರು. ಕಲಕತ್ತೆಯಿಂದ ಮೇಲಕ್ಕೆ ಹೂಗ್ಲಿಯ ದಡದಲ್ಲಿರುವ ಈ ಊರು ಆಗ ಡೆನ್ಮಾರ್ಕಿನವರ ವಶದಲ್ಲಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಸೀಮೆಯಲ್ಲಿ ಮತಪ್ರಚಾರಕರಿಗೆ ಅನುಮತಿ ದೊರೆಯದೆ ಇದ್ದುದರಿಂದ ಅವರು ಇಲ್ಲಿ ಆಶ್ರಯ ಪಡೆದರು. ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬ ಇಬ್ಬರು ಜೊತೆಗಾರರಾಗಿ ದೊರೆತರು. ಮುದ್ರಣಾಲಯ ಬಂದಿತು, ಶಾಲೆಗಳು ಬಂದವು. ಇವೆಲ್ಲವುಗಳ ನಡುವೆ ಕೇರಿಯವರು ಸುಮಾರು ಐದು ಎಕರೆಯ ತೋಟವೊಂದನ್ನು ಬೆಳೆಸಿದರು.

ಆ ತೋಟವು ಬರಿಯ ಅಂದಕ್ಕಾಗಿ ಮಾಡಿದ್ದಲ್ಲ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನಾದ ಲಿನೇಯಸನ ಪದ್ಧತಿಯಂತೆ ಗಿಡಗಳನ್ನು ವರ್ಗ ವರ್ಗವಾಗಿ ಪಾತಿಗಳಲ್ಲಿ ನೆಡಲಾಗಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಬಂಗಾಳಿ ಮಾಲಿಗಳಿಗೂ ಸಸ್ಯಗಳ ಲ್ಯಾಟಿನ್ ಹೆಸರುಗಳು ಬಾಯಿಪಾಠವಾಗಿದ್ದವು. ಬೆಳಗಿನಲ್ಲಿಯೂ ಸಂಜೆಯಲ್ಲಿಯೂ ಕೇರಿಯವರು ಅಲ್ಲಿಯೇ ಒಬ್ಬರೇ ಅಡ್ಡಾಡುತ್ತ ಧ್ಯಾನ ಪ್ರಾರ್ಥನೆಗಳನ್ನು ನಡೆಸುತ್ತಿದ್ದರು. ಅವರಿಗೆ ತೋಟವು ದೇವಾಲಯಕ್ಕೆ ಬದಲಾಗಿ ದೊರೆತ ವಿಶ್ರಾಂತಿಯ ಸ್ಥಳವಲ್ಲ. ಅದೂ ಒಂದು ದೇವಾಲಯವೇ. ಸ್ನೇಹಿತರಾದ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರೊ ಅವರು ಕಾಯಿಲೆಯಿಂದ ಸ್ವದೇಶಕ್ಕೆ ಮರಳಿದಾಗ, ಕಲಕತ್ತೆಯ ಸಸ್ಯೋದ್ಯಾನದಲ್ಲಿದ್ದ ಸುಮಾರು 3,500 ಜಾತಿಯ ಗಿಡಗಳ ಪಟ್ಟಿಯನ್ನು ಕೇರಿಯವರೇ 1814ರಲ್ಲಿ ಅಚ್ಚುಹಾಕಿಸಿದರು. ರಾಕ್ಸ್‌ಬರೊ ಅವರ ಫ್ಲೋರಾ ಇಂಡಿಕಾ ಎಂಬ ಮಹಾಗ್ರಂಥವನ್ನೂ ಆತನ ಮರಣಾನಂತರ ಸಂಪಾದಿಸಿದರು. ಆ ಶಾಸ್ತ್ರಗ್ರಂಥದ ಮುಖಪುಟದಲ್ಲಿ ಸೃಷ್ಟಿಯೆಲ್ಲವೂ ದೇವರನ್ನು ಕೊಂಡಾಡುತ್ತದೆಂಬ ಅರ್ಥದ ದಾವೀದನ ಕೀರ್ತನೆಯ ಸಾಲೊಂದನ್ನು ಹಾಕಿಸಿದ್ದು ಅವರ ಮನಸ್ಸನ್ನು ತೋರಿಸುತ್ತದೆ. ಕೇರಿಯವರ ಗೌರವಾರ್ಥವಾಗಿ ರಾಕ್ಸ್‌ಬರೊ ಅವರು ಒಂದು ಸಸ್ಯಕುಲಕ್ಕೆ ಕೇರಿಯಾ ಎಂದು ಹೆಸರಿಟ್ಟಿದ್ದರು. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಕವಲು ಮರವು ಆ ಕುಲಕ್ಕೆ ಸೇರಿದ್ದು.

ತೋಟದಲ್ಲಿ ಕಂಡ ಅದೇ ದುಡಿಮೆಯನ್ನು ಅವರು ಭಾಷೆಗಳಲ್ಲಿಯೂ ನಡೆಸಿದರು. ಬಂಗಾಳಿಯ ಹೊಸ ಒಡಂಬಡಿಕೆ 1801ರಲ್ಲಿ ಹೊರಬಂದಿತು. ಅದೇ ವರ್ಷ ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅಧ್ಯಾಪಕರಾಗಿ ನೇಮಕವಾಗಿ, ಬಂಗಾಳಿ, ಸಂಸ್ಕೃತ, ಮರಾಠಿಗಳನ್ನು ಕಲಿಸಿದರು. ಮುಂಬಯಿಯ ಬೀದಿಯಲ್ಲಿ ನಾವು ದಿನವೂ ಆಡುವ ಮರಾಠಿಗೆ 1805ರಲ್ಲಿ ವ್ಯಾಕರಣವನ್ನೂ 1810ರಲ್ಲಿ ನಿಘಂಟನ್ನೂ ಬರೆದರು. ಶಾಲೆಯಲ್ಲಿ ನಾವು ಓದುವ ಕನ್ನಡವನ್ನೂ ಅವರು ಬಿಡಲಿಲ್ಲ. ಹೊಸ ಒಡಂಬಡಿಕೆಯನ್ನು ಕನ್ನಡಕ್ಕೆ ತರುವ ಕೆಲಸ ನಡೆದಿತ್ತು.

1812ರ ಮಾರ್ಚ್ 11ರ ಸಂಜೆ ಶ್ರೀರಾಮಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕೇರಿಯವರು ಆಗ ಕಲಕತ್ತೆಯಲ್ಲಿದ್ದರು. ಮರುದಿನ ಬಂದು ನೋಡುವಷ್ಟರಲ್ಲಿ ಗೋಡೆಗಳ ನಡುವೆ ಬೂದಿಯಿತ್ತು. ಕಾಗದದ ರಾಶಿ, ಹಲವು ಲಿಪಿಗಳ ಅಚ್ಚುಮೊಳೆಗಳು, ಅನೇಕ ವರ್ಷಗಳಿಂದ ಕೂಡಿಸುತ್ತ ಬಂದಿದ್ದ ಬಹುಭಾಷಾ ನಿಘಂಟು, ತೆಲುಗು ವ್ಯಾಕರಣ ಎಲ್ಲವೂ ಹೋದವು. ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಅವುಗಳೊಡನೆ ಬೂದಿಯಾಯಿತು. ಕೇರಿಯವರ ಕಣ್ಣಲ್ಲಿ ನೀರು ಬಂದಿತು. ಆದರೆ ಅಕ್ಷರಗಳನ್ನು ಎರಕ ಹೊಯ್ಯುವ ಉಕ್ಕಿನ ಪಡಿಯಚ್ಚುಗಳು ಬೂದಿಯ ಕೆಳಗೆ ಉಳಿದಿದ್ದವು. ಕರಗಿ ಗಟ್ಟಿಯಾಗಿದ್ದ ಸೀಸವನ್ನು ಬಗೆದು ತೆಗೆದು ಮತ್ತೆ ಮೊಳೆಗಳನ್ನು ಎರೆಯತೊಡಗಿದರು. ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಲ ನಡೆಯುವುದು ನೋವಿನದಾದರೂ ಸುಲಭ, ಹೆಜ್ಜೆಯೂ ಗಟ್ಟಿ ಎಂದು ಕೇರಿಯವರು ಸಮಾಧಾನ ತಂದುಕೊಂಡರು. ಸುಟ್ಟ ಕನ್ನಡದ ಅನುವಾದವನ್ನು ಮೊದಲಿನಿಂದ ಮಾಡಿದರು. ಅದು ಅಚ್ಚಾಗಿ ಬರಲು ಸುಮಾರು ಹತ್ತು ವರ್ಷಗಳು ಹಿಡಿದವು. ಅದಕ್ಕೆ ಮೊದಲೇ, 1817ರಲ್ಲಿ, ಅವರು ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವು ಅದೇ ಮುದ್ರಣಾಲಯದಿಂದ ಹೊರಬಿದ್ದಿತು.

ತೋಟದಲ್ಲಿ ಕಳೆಯನ್ನು ಕೀಳುವುದೂ ಒಂದು ಕೆಲಸ. 1799ರಲ್ಲಿ ಕೇರಿಯವರು ವಿಧವೆಯೊಬ್ಬಳು ಗಂಡನ ಚಿತೆಯಲ್ಲಿ ಸುಡಲ್ಪಟ್ಟುದನ್ನು ಕಣ್ಣಾರೆ ಕಂಡಿದ್ದರು. ಅಂದಿನಿಂದ ಆ ಕ್ರೂರಪದ್ಧತಿಯ ವಿರುದ್ಧ ಮಾಹಿತಿ ಕೂಡಿಸುತ್ತ, ಸರ್ಕಾರಕ್ಕೆ ಮೊರೆಯಿಡುತ್ತ ಬಂದರು. ರಾಜಾ ರಾಮಮೋಹನರಾಯರೇ ಮೊದಲಾದವರ ಹೋರಾಟವೂ ಫಲಿಸಿ 1829ರ ಡಿಸೆಂಬರ್ 4ರಂದು ನಿಷೇಧದ ಶಾಸನವಾಯಿತು. ಅದನ್ನು ಬಂಗಾಳಿಗೆ ಅನುವಾದಿಸುವ ಕೆಲಸ ಕೇರಿಯವರ ಕೈಗೆ ಭಾನುವಾರ ಬೆಳಿಗ್ಗೆ ಬಂದಿತು. ಅಂದಿನ ಉಪದೇಶವನ್ನು ಬೇರೆಯವರಿಗೆ ಒಪ್ಪಿಸಿ ಅವರು ಅನುವಾದಕ್ಕೆ ಕುಳಿತರು. ಒಂದು ಗಂಟೆ ತಡವಾದರೂ ಒಂದು ಜೀವ ಹೋದೀತೆಂದು ಬಗೆದ ಆ ಭಕ್ತನಿಗೆ ಅಂದಿನ ಆರಾಧನೆ ಅದೇ ಆಗಿತ್ತು.

ಮಹನೀಯರ ಚರಿತ್ರೆಯನ್ನು ಹೇಳುವಾಗ ಅವರ ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲವೆಂದು ನಾವು ತಿಳಿದಿದ್ದೇವೆ. ಕೇರಿಯವರ ಮನೆಯೊಳಗೆ ಎಲ್ಲ ಪಾತಿಗಳಿಗೂ ನೀರು ಸಾಲಲಿಲ್ಲ. ಡೊರೊಥಿಯವರು ಹನ್ನೆರಡು ವರ್ಷಗಳ ಕಾಲ ಮನೋರೋಗದಿಂದ ನರಳಿ 1807ರಲ್ಲಿ ತೀರಿಕೊಂಡರು. ಕೇರಿಯವರು ಆಕೆಯನ್ನು ಹುಚ್ಚಾಸ್ಪತ್ರೆಗೆ ಕಳುಹಿಸದೆ ಮನೆಯಲ್ಲಿಯೇ ಇರಿಸಿಕೊಂಡರೆಂಬುದು ನಿಜ. ಆದರೆ ಇಷ್ಟವಿಲ್ಲದ ಆಕೆಯನ್ನು ದೂರದೇಶಕ್ಕೆ ಕರೆತಂದದ್ದಕ್ಕೆ ಆಕೆ ತೆತ್ತ ಬೆಲೆಯೂ ನಿಜ. ತಂದೆಯು ಅನುವಾದದಲ್ಲಿಯೂ ಗಿಡಗಳಲ್ಲಿಯೂ ಮುಳುಗಿದ್ದಾಗ ಗಂಡುಮಕ್ಕಳು ಹೇಳುವವರು ಕೇಳುವವರಿಲ್ಲದೆ ಬೆಳೆಯುತ್ತಿದ್ದರು. ಅವರನ್ನು ತಿದ್ದಿ ದಾರಿಗೆ ತಂದವರು ವಾರ್ಡ್ ಅವರೂ ಮಾರ್ಷ್‌ಮನ್ನರ ಪತ್ನಿ ಹನ್ನಾ ಅವರೂ. ತೋಟದ ಸಾಮ್ಯವು ಇಲ್ಲಿಯೂ ಪಾಠ ಹೇಳುತ್ತದೆ: ದೂರದ ಹೊಲಕ್ಕೆ ಹೋಗುವ ರೈತನು ಬಾಗಿಲ ಬಳಿಯ ಗಿಡವನ್ನು ಮರೆಯಬಾರದು.

1820ರಲ್ಲಿ ಕೇರಿಯವರು ಕೃಷಿ ಮತ್ತು ತೋಟಗಾರಿಕೆಯ ಸಂಘವೊಂದನ್ನು ಸ್ಥಾಪಿಸಿದರು. ಒಳ್ಳೆಯ ಬೀಜ, ಒಳ್ಳೆಯ ಉಪಕರಣ, ಹೊಸ ಬೆಳೆ ಇವು ರೈತರಿಗೆ ದೊರೆಯಬೇಕೆಂಬುದೂ ಈ ಕೆಲಸದಲ್ಲಿ ಭಾರತೀಯರೂ ಸಮಾನ ಸದಸ್ಯರಾಗಬೇಕೆಂಬುದೂ ಅವರ ಉದ್ದೇಶಗಳಾಗಿದ್ದವು. ಕಲಕತ್ತೆಯ ಅಲಿಪುರದಲ್ಲಿ ಆ ಸಂಘದ ತೋಟವು ಇಂದಿಗೂ ಇದೆ.

ಮೂರು ವರ್ಷಗಳ ಬಳಿಕ ಬೆಂಕಿಯ ಕಥೆಯು ನೀರಿನಲ್ಲಿ ಮರುಕಳಿಸಿತು. 1823ರ ಅಕ್ಟೋಬರಿನಲ್ಲಿ ಕೇರಿಯವರು ಒಂದು ರಾತ್ರಿ ದೋಣಿಯಿಂದ ಇಳಿಯುವಾಗ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಹಿಂದೆಯೇ ಜ್ವರ ಬಂದು ಸಾವಿನಂಚಿಗೆ ಹೋದರು. ಅವರು ಹಾಸಿಗೆ ಹಿಡಿದಿದ್ದಾಗಲೇ ದಾಮೋದರ ನದಿಯು ಉಕ್ಕಿ ಕಟ್ಟೆಯೊಡೆದು ಶ್ರೀರಾಮಪುರಕ್ಕೆ ನುಗ್ಗಿತು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಸಾಕಿದ ಗಿಡಗಳು ನೀರಿನಲ್ಲಿ ನಿಂತು ಕೊಳೆತವು. ಆಗ ಅವರ ವಯಸ್ಸು ಅರವತ್ತೆರಡು. ಅಂಥವರು ಕೈಚೆಲ್ಲಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಊರುಗೋಲು ಹಿಡಿದು ಎದ್ದ ಕೇರಿಯವರು ಮತ್ತೆ ಬೀಜಕ್ಕಾಗಿ ಪತ್ರ ಬರೆದರು, ಮತ್ತೆ ಪಾತಿ ಮಾಡಿಸಿದರು. ಬಾಲ್ಯದಲ್ಲಿ ಕಾಲು ಮುರಿದ ಹುಡುಗನು ಮರವನ್ನು ಎರಡನೆಯ ಸಲ ಹತ್ತಿದಂತೆಯೇ ಇದು.

ಅವರ ತೋಟದ ಒಂದು ಹೂವಿನ ಕಥೆಯನ್ನು ಇಲ್ಲಿ ಹೇಳಲೇಬೇಕು. ಒಮ್ಮೆ ಇಂಗ್ಲೆಂಡಿನಿಂದ ಬೀಜಗಳ ಚೀಲವೊಂದು ಬಂದಿತು. ಬೀಜಗಳನ್ನೆಲ್ಲ ತೆಗೆದುಕೊಂಡ ಮೇಲೆ ಕೇರಿಯವರು ಚೀಲದ ತಳದಲ್ಲಿದ್ದ ಮಣ್ಣನ್ನೂ ಬಿಸಾಡದೆ ನೆರಳಿದ್ದ ಒಂದು ಕಡೆ ಕೊಡವಿದರು. ಕೆಲವು ದಿನಗಳ ಬಳಿಕ ಅಲ್ಲಿ ಪುಟ್ಟ ಸಸಿಯೊಂದು ತಲೆಯೆತ್ತಿತು. ನೋಡಿದರೆ ಡೇಸಿ! ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ ದನಗಳು ತುಳಿದಾಡುವ, ಯಾರೂ ಬೆಲೆಕೊಡದ ಬಿಳಿಯ ಪುಟ್ಟ ಹೂವು. ಹುಟ್ಟೂರಿನ ಆ ಹೂವನ್ನು ಮತ್ತೆ ಕಾಣುವ ಆಸೆಯನ್ನೇ ಅವರು ಬಿಟ್ಟಿದ್ದರು. ಈ ದೇಶಕ್ಕೆ ಬಂದ ಮೇಲೆ ಇಷ್ಟು ಸರಳವೂ ಇಷ್ಟು ಸವಿಯೂ ಆದ ಸಂತೋಷವನ್ನು ತಾವು ಕಂಡಿದ್ದೇ ಇಲ್ಲವೆಂಬ ಭಾವವನ್ನು ಅವರು ಪತ್ರವೊಂದರಲ್ಲಿ ತೋಡಿಕೊಂಡಿದ್ದಾರೆ. ಆದರೆ ಬಂಗಾಳದ ಸೆಕೆಯಲ್ಲಿ ಆ ಗಿಡ ಬಾಳುವಂತಿರಲಿಲ್ಲ. ತನ್ನ ನಾಡಿನಲ್ಲಿ ವರ್ಷವರ್ಷವೂ ತಾನಾಗಿ ಚಿಗುರುವ ಡೇಸಿ ಇಲ್ಲಿ ಒಂದೇ ಋತುವಿಗೆ ಸಾಯುತ್ತಿತ್ತು. ಆದುದರಿಂದ ಕೇರಿಯವರು ಪ್ರತಿಸಲವೂ ಅದರ ಬೀಜವನ್ನು ಆಯ್ದಿಟ್ಟು ಮರುವರ್ಷ ಮತ್ತೆ ಬಿತ್ತಿ ಅದರ ವಂಶವನ್ನು ಉಳಿಸಿಕೊಂಡರು.

ಕೊನೆಯ ವರ್ಷಗಳಲ್ಲಿ ನಡೆಯುವ ಶಕ್ತಿ ಹೋದಾಗ ಕುರ್ಚಿಯಲ್ಲಿ ಕುಳ್ಳಿರಿಸಿ ಅವರನ್ನು ತೋಟಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಅದೂ ಆಗದಾದಾಗ ಹಿರಿಯ ಮಾಲಿಯು ಕೋಣೆಗೇ ಬಂದು ಹಾಸಿಗೆಯ ಬಳಿ ನಿಂತು ಗಿಡಗಳ ಯೋಗಕ್ಷೇಮವನ್ನು ತಿಳಿಸಿ ಅಪ್ಪಣೆ ಪಡೆದು ಹೋಗುತ್ತಿದ್ದನು. ತಾವು ಹೋದ ಮೇಲೆ ಮಾರ್ಷ್‌ಮನ್ನರು ದನಗಳನ್ನು ತೋಟದೊಳಕ್ಕೆ ಬಿಟ್ಟಾರೆಂದು ಒಂದು ದಿನ ಕೇರಿಯವರು ಮನಸ್ಸು ಕುಗ್ಗಿ ನುಡಿದರಂತೆ. ತಮಗೆ ಸಸ್ಯಶಾಸ್ತ್ರದ ಅಭಿರುಚಿಯಿಲ್ಲದಿದ್ದರೂ ಆ ತೋಟವನ್ನು ಕಾಪಾಡುವುದು ತಮ್ಮ ಪವಿತ್ರ ಕರ್ತವ್ಯವೆಂದು ಮಾರ್ಷ್‌ಮನ್ನರು ಮಾತು ಕೊಟ್ಟರು. 1834ರ ಜೂನ್ 9ರ ಬೆಳಿಗ್ಗೆ ಕೇರಿಯವರು ಶ್ರೀರಾಮಪುರದಲ್ಲಿಯೇ ಕಣ್ಣು ಮುಚ್ಚಿದರು.

ವಿದ್ಯಾರ್ಥಿಗಳೇ, ಕೇರಿಯವರ ಧರ್ಮವು ನಿಮ್ಮ ಧರ್ಮವಾಗಿರಬಹುದು, ಆಗಿರದೆಯೂ ಇರಬಹುದು. ಬೆಳೆಸುವವನು ಬೇರೊಬ್ಬನಿದ್ದಾನೆಂದು ನಂಬಿ ಕೈಯಲ್ಲಿರುವ ಕೆಲಸವನ್ನು ಬಿಡದೆ ಮಾಡುವ ಪಾಠ ಎಲ್ಲ ಧರ್ಮದವರಿಗೂ ಸಲ್ಲುವಂಥದು. ಈ ಮಹಾನಗರದಲ್ಲಿ ನಮಗೆ ಐದು ಎಕರೆಯ ತೋಟವಿಲ್ಲ. ಗ್ಯಾಲರಿಯಲ್ಲಿ ಒಂದು ತುಳಸಿಯ ಕುಂಡವಿದ್ದರೆ ಅದೇ ಭಾಗ್ಯ. ಆದರೆ ಡೇಸಿಯ ಕಥೆ ನಮ್ಮದೇ ಕಥೆ. ನಮ್ಮ ತಂದೆತಾಯಿಗಳು ಊರಿನಿಂದ ತಂದ ಚೀಲದ ತಳದ ಮಣ್ಣಿನಲ್ಲಿ ಕನ್ನಡವೂ ಬಂದಿತು. ಊರಿನಲ್ಲಿ ಅದು ತಾನಾಗಿ ಚಿಗುರುವ ಗಿಡ. ಇಲ್ಲಿ ಅದು ಹಾಗೆ ಬಾಳುವುದಿಲ್ಲ. ಪ್ರತಿ ಜೂನಿನಲ್ಲಿ ಶಾಲೆ ತೆರೆದಾಗ ಮೊದಲನೆಯ ತರಗತಿಯ ಹಲಗೆಯ ಮೇಲೆ ಅ ಆ ಇ ಈ ಬರೆಯುವಾಗ ನಾವು ಮಾಡುತ್ತಿರುವುದು ಕೇರಿಯವರು ನೆರಳಿನ ಆ ಪಾತಿಯಲ್ಲಿ ಮಾಡಿದ ಕೆಲಸವನ್ನೇ. ಕೆಲವು ವರ್ಷ ಸಸಿಗಳು ಹೆಚ್ಚು, ಕೆಲವು ವರ್ಷ ಕಡಿಮೆ. ನೀವು ಶಾಲೆ ಬಿಟ್ಟು ಹೋಗುವಾಗ ಬೀಜವನ್ನು ಆಯ್ದಿಟ್ಟುಕೊಂಡು ಹೋಗಿರೆಂದು ಮಾತ್ರ ನಾವು ಕೇಳಿಕೊಳ್ಳುತ್ತೇವೆ.